ಉಪ್ಪು ಎಷ್ಟು ಹಾಕಿದೆ

ಕೌಸಲ್ಯಾ ನಿವೃತ್ತರಾದ ಮರುವರ್ಷ ಶುರು ಮಾಡಿದ ವಾಟ್ಸಾಪ್ ಗುಂಪಿನ ಹೆಸರು 'ಉತ್ತರದ ಒಗ್ಗರಣೆ'. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಹೆಂಗಸರು, ಬೆರಳೆಣಿಕೆಯಷ್ಟು ಗಂಡಸರು, ಎಲ್ಲ ಸೇರಿ ಇನ್ನೂರ ನಲವತ್ತು ಜನ ಅದರಲ್ಲಿದ್ದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರಾದ್ದರಿಂದ ಎಲ್ಲರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. ಗುಂಪಿನಲ್ಲಿ ಅಡುಗೆ ಬಿಟ್ಟು ಬೇರೆ ಮಾತಿಲ್ಲ, ಶುಭೋದಯದ ಹೂವಿನ ಚಿತ್ರಗಳಿಲ್ಲ, ಒಬ್ಬರ ಅಡುಗೆಯನ್ನು ಇನ್ನೊಬ್ಬರು ಹೀಯಾಳಿಸುವಂತಿಲ್ಲ. ಮೂರನೆಯ ನಿಯಮವನ್ನು ಕೌಸಲ್ಯಾ ಬಹಳ ಬಿಗಿಯಾಗಿ ಕಾಯುತ್ತಿದ್ದರು.

ಆಷಾಢದ ಹೊತ್ತಿಗೆ ಸಿದ್ದು ಎಂಬ ಹೆಸರಿನವನೊಬ್ಬ ಯಾರೋ ಹಂಚಿದ ಲಿಂಕ್ ಒತ್ತಿ ಗುಂಪಿಗೆ ಬಂದ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೆಂಪು ಬೈಕಿಗೆ ಒರಗಿ ನಿಂತ ಹುಡುಗನ ಫೋಟೊ. ನಮಸ್ಕಾರವಿಲ್ಲ, ಪರಿಚಯವಿಲ್ಲ. ಎರಡು ವಾರ ಸುಮ್ಮನಿದ್ದು, ಆಮೇಲೆ ಯಾರು ಏನು ಹಾಕಿದರೂ ಅದರ ಕೆಳಗೆ ಒಂದೇ ಸಾಲು ಬರೆಯತೊಡಗಿದ.

ಉಪ್ಪು ಎಷ್ಟು ಹಾಕಿದೆ

ಮೊದಲು ಇದನ್ನು ಯಾರೂ ಗಮನಿಸಲಿಲ್ಲ. ಗುಂಪಿನಲ್ಲಿ ಎಲ್ಲರೂ ಬರೆಯುತ್ತಿದ್ದದ್ದು 'ಉಪ್ಪು ರುಚಿಗೆ ತಕ್ಕಷ್ಟು' ಎಂದೇ. ಅದಕ್ಕೆ ಇನ್ನೇನು ಉತ್ತರ ಕೊಡುವುದು ಎಂದು ಕೆಲವರು ಒಂದು ನಗುವ ಮುಖ ಹಾಕಿ ಸುಮ್ಮನಾದರು. ವಿಷಯ ಕೆಟ್ಟದ್ದು ವಂದನಾಳಿಂದ.

ವಂದನಾ ಅಲ್ಲಾಳಸಂದ್ರದವಳು, ಹೆಬ್ಬಾಳದ ಒಂದು ಕಚೇರಿಯಲ್ಲಿ ಕೆಲಸ. ಮದುವೆಯಾಗಿ ಐದು ವರ್ಷವಾದರೂ ಅಡುಗೆಯ ವಿಷಯದಲ್ಲಿ ಅವಳಿಗೆ ಧೈರ್ಯವಿರಲಿಲ್ಲ. ಎಂಟು ತಿಂಗಳು ಗುಂಪಿನಲ್ಲಿ ಬರೀ ಓದಿಕೊಂಡಿದ್ದವಳು ಆ ಭಾನುವಾರ ಮೊದಲ ಬಾರಿಗೆ ತಾನು ಮಾಡಿದ ಟೊಮೆಟೊ ಬಾತಿನ ಫೋಟೊ ಹಾಕಿದಳು. ಐದಾರು ಜನ ಚೆನ್ನಾಗಿದೆ ಎಂದರು. ಏಳನೆಯದು ಸಿದ್ದುವಿನದು. ಉಪ್ಪು ಎಷ್ಟು ಹಾಕಿದೆ.

ಅವಳು ಕೂಡಲೇ ಕೌಸಲ್ಯಾಗೆ ಫೋನ್ ಮಾಡಿದಳು.

"ಮಿಸ್, ಈ ಸಿದ್ದು ಯಾರು? ನಿಮಗೆ ಗೊತ್ತಿರೋನಾ?"

"ಇಲ್ಲಮ್ಮ. ಯಾಕೆ?"

"ಮಧ್ಯಾಹ್ನ ನಮ್ಮತ್ತೆ ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ರು. ಉಪ್ಪಿನ ಡಬ್ಬಿ ತರಿಸ್ಕೊಂಡು ಎಲ್ಲರ ಮುಂದೆ ಬಡಿಸ್ಕೊಂಡ್ರು. ಒಂದು ಮಾತೂ ಆಡಲಿಲ್ಲ. ಇಲ್ಲಿ ನೋಡಿದ್ರೆ ಇವನೂ ಅದನ್ನೇ ಕೇಳ್ತಿದಾನೆ. ಅದೂ ಏಕವಚನದಲ್ಲಿ. ನಾನೇನು ಇವನ ತಂಗಿನಾ?"

ಕೌಸಲ್ಯಾ ಕನ್ನಡಕ ಹಾಕಿಕೊಂಡು ಗುಂಪನ್ನು ಹಿಂದಕ್ಕೆ ಸರಿಸುತ್ತಾ ಹೋದರು. ಹದಿನಾಲ್ಕು ಅಡುಗೆಗಳ ಕೆಳಗೆ ಅದೇ ಸಾಲು ಇತ್ತು. ಅವರದೇ ಹಾಗಲಕಾಯಿ ಗೊಜ್ಜಿನ ಕೆಳಗೂ ಇತ್ತು, ಆಗ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. 'ಉಪ್ಪು ಎಷ್ಟು ಹಾಕಿದೆ' ಎಂದರೆ ಎಷ್ಟು ಉಪ್ಪು ಹಾಕಲಾಗಿದೆ ಎಂದೂ ಆಗುತ್ತದೆ, ನೀನು ಎಷ್ಟು ಹಾಕಿದೆ ಎಂದೂ ಆಗುತ್ತದೆ. ಆ ಕೂಲಿಂಗ್ ಗ್ಲಾಸ್ ನೋಡುತ್ತಾ ಓದಿದಾಗ ಅವರಿಗೆ ಎರಡನೆಯ ಅರ್ಥವೇ ಕೇಳಿಸಿತು. ಕೊನೆಯ ಬೆಂಚಿನಲ್ಲಿ ಕೂತು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿ ಕ್ಲಾಸನ್ನು ನಗಿಸುವ ಹುಡುಗರನ್ನು ಅವರು ಕಂಡಿದ್ದರು.

ಅವತ್ತು ಸಂಜೆ ಗುಂಪಿನಲ್ಲಿ ಹೀಗೆ ಬರೆದರು: 'ಸಿದ್ದು ಅವರೇ, ತಾವು ಪಾಕಶಾಸ್ತ್ರದಲ್ಲಿ ಬಹಳ ಪಳಗಿದವರಂತೆ ಕಾಣುತ್ತೀರಿ. ನಮ್ಮ ಉಪ್ಪಿನ ಚಿಂತೆ ತಮಗೆ ಬೇಡ. ಮೊದಲು ತಮ್ಮ ಕೈಯಡುಗೆಯನ್ನು ನಮಗೆಲ್ಲ ತೋರಿಸುವ ಕೃಪೆ ಮಾಡಬೇಕು.'

ಅರವತ್ತು ಜನ ನಗುವ ಮುಖ ಒತ್ತಿದರು. "ಸರಿಯಾಗಿ ಕೊಟ್ರಿ ಮಿಸ್" ಎಂದು ಯಾರೋ ಬರೆದರು. ಕೌಸಲ್ಯಾಗೂ ಸಮಾಧಾನವಾಯಿತು.

ಮರುದಿನ ಹತ್ತು ಗಂಟೆಗೆ ಸಿದ್ದುವಿನಿಂದ ಒಂದು ಫೋಟೊ ಬಂತು. ಇಬ್ಬರು ಹಿಡಿದು ಎತ್ತಬೇಕಾದಷ್ಟು ದೊಡ್ಡ ಪಾತ್ರೆ, ಅದರ ತುಂಬ ಕುದಿಯುವ ಸಾಂಬಾರು, ಮೊಳದುದ್ದದ ಸೌಟು. ಕೆಳಗೆ 'ಇವತ್ತಿನ ಸಾಂಬಾರು ಎಪ್ಪತ್ತು ಜನಕ್ಕೆ' ಎಂದು ಬರೆದು ಕೈಮುಗಿದ ಚಿತ್ರ.

ಗುಂಪಿಗೆ ರೇಗಿತು. ಯಾವುದೋ ಮದುವೆ ಮನೆಯ ಫೋಟೊ ಕದ್ದು ಹಾಕಿದ್ದಾನೆ ಎಂದರು ಒಬ್ಬರು. "ಮಿಸ್, ಈಗ ನಿಮ್ಮನ್ನೇ ಆಡಿಕೊಳ್ತಿದಾನೆ" ಎಂದು ವಂದನಾ ಬರೆದಳು. ಆ ಕೈಮುಗಿದ ಚಿತ್ರ ಕೌಸಲ್ಯಾಗೂ ಅಣಕವಾಗಿಯೇ ಕಂಡಿತು. ಅವರು ಹೆಸರಿನ ಮೇಲೆ ಬೆರಳಿಟ್ಟು ಅವನನ್ನು ಗುಂಪಿನಿಂದ ತೆಗೆದುಹಾಕಿದರು.

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಮಧ್ಯಾಹ್ನ ಅವರಿಗೊಂದು ಫೋನು ಬಂತು.

"ಅಲೋ, ಒಗ್ಗರಣೆ ಮೇಡಮ್ಮೋರಾ?" ಹೆಂಗಸಿನ ದನಿ, ಹಿಂದೆ ನಲ್ಲಿ ನೀರು ಬೀಳುವ ಸದ್ದು. "ನಾನು ಲಕ್ಕಮ್ಮ ಅಂತ, ಸೋಲದೇವನಹಳ್ಳಿಯಿಂದ. ನಿಮ್ ಗುಂಪಲ್ಲಿ ಇದ್ದೆ. ಮೂರು ದಿನದಿಂದ ಏನೂ ಬತ್ತಾ ಇಲ್ಲ. ನನ್ ಫೋನೇ ಕೆಟ್ಟೋಯ್ತೋ ಏನೋ. ಶನಿವಾರ ಉಡುಗ್ರಿಗೆ ಪಲಾವ್ ಮಾಡ್ಬೇಕು, ಅದ್ರಲ್ಲಿ ನೋಡ್ಕಳಾನ ಅಂತಿದ್ದೆ."

"ಲಕ್ಕಮ್ಮ ಅನ್ನೋ ಹೆಸರು ಗುಂಪಿನಲ್ಲಿ ಇರಲಿಲ್ವಲ್ಲಮ್ಮ."

"ಸಿದ್ದು ಅಂತ ಬರ್ತದೆ ಮೇಡಂ. ಅವ್ನು ನಮ್ಮಣ್ಣನ ಮಗ. ಒಸಾ ಫೋನ್ ತಗಂಡು ಇದನ್ನ ನಂಗ್ ಕೊಟ್ಟ. ಫೋಟೋನೂ ಅವಂದೇ. ಬದ್ಲಾಯಿಸಕ್ಕೆ ನಂಗೆ ಬರಕಿಲ್ಲ."

ಕೌಸಲ್ಯಾ ಕುರ್ಚಿ ಎಳೆದುಕೊಂಡು ಕೂತರು. ಆ ಸಾಂಬಾರು, ಆ ಪಾತ್ರೆ, ಎಪ್ಪತ್ತು ಜನ ಎಲ್ಲವೂ ನಿಜವಾಗಿತ್ತು. ಕೃಪೆ ಮಾಡಬೇಕು ಎಂದು ತಾವು ಬರೆದದ್ದನ್ನು ಈ ಹೆಂಗಸು ಅಕ್ಷರಕ್ಕಕ್ಷರ ನಂಬಿ, ಕೆಲಸದ ನಡುವೆ ಫೋಟೊ ತೆಗೆದು ಕಳಿಸಿದ್ದಳು.

"ಏನೋ ತೊಂದರೆ ಆಗಿರ್ಬೇಕು, ನಾನು ನೋಡ್ತೀನಿ" ಎಂದರು. ತಾವೇ ತೆಗೆದದ್ದೆಂದು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಕೇಳಿದರು. "ಲಕ್ಕಮ್ಮ, ಎಲ್ಲಾ ಅಡುಗೆಗೂ ನೀವು ಉಪ್ಪಿನ ವಿಷಯವೇ ಯಾಕೆ ಕೇಳ್ತೀರಿ?"

ಆ ಕಡೆ ನಲ್ಲಿ ನಿಂತಿತು.

"ಕೇಳ್ಬಾರ್ದಿತ್ತಾ?"

"ಹಾಗಲ್ಲ. ಕಾರಣ ಏನು ಅಂತ."

"ಅದು ಫೋನಲ್ಲಿ ಏಳೋದಲ್ಲ ಮೇಡಂ" ಎಂದು ಲಕ್ಕಮ್ಮ ಫೋನ್ ಇಟ್ಟುಬಿಟ್ಟಳು.

ಕೌಸಲ್ಯಾ ಗಂಡ ಶೇಷಗಿರಿಗೆ ಎಲ್ಲವನ್ನೂ ಹೇಳಿದರು. ಅವರು ಪೇಪರ್ ಮಡಿಸಿಟ್ಟು, "ಫೋನಲ್ಲಿ ಹೇಳೋದಲ್ಲ ಅಂದ್ರೆ ಎದುರಿಗೆ ಹೇಳ್ತಾಳೆ ಅಂತ ತಾನೆ? ಹೋಗಿ ಬರೋಣ" ಎಂದರು. ಮರುದಿನ ಬೆಳಗ್ಗೆ ವಿಳಾಸ ಕೇಳಿಕೊಂಡು, ಸ್ಕೂಟರಿನಲ್ಲಿ ಇಬ್ಬರೂ ಹೊರಟರು.

ಹೆಸರಘಟ್ಟ ರಸ್ತೆಯಿಂದ ಒಳಗೆ, ಕಾಲೇಜು ಹುಡುಗರ ಮೂರು ಮಹಡಿಯ ಪಿಜಿ. ಹಿತ್ತಲಿನ ಕಡೆ ತಗಡಿನ ಚಾವಣಿಯ ಅಡುಗೆಮನೆ. ಶೇಷಗಿರಿ ಸ್ಕೂಟರಿನ ಹತ್ತಿರವೇ ನಿಂತರು. ಐವತ್ತರ ಆಸುಪಾಸಿನ, ಸೆರಗು ಬಿಗಿದು ಸಿಕ್ಕಿಸಿಕೊಂಡ ಹೆಂಗಸು ಬಾಗಿಲಿಗೆ ಬಂದಳು. ಮೇಡಂ ಇಷ್ಟು ದೂರ ಬಂದದ್ದು ನೋಡಿ ಗಾಬರಿಯಾಗಿ, ಒದ್ದೆ ಕೈ ಒರೆಸಿಕೊಂಡು ಸ್ಟೂಲು ಹಾಕಿದಳು. ಸಹಾಯಕ್ಕಿದ್ದ ಇನ್ನೊಬ್ಬಳನ್ನು ಸೊಪ್ಪು ತರಲು ಕಳಿಸಿ, ಆಮೇಲೆ ಬಾಗಿಲು ಮುಂದಕ್ಕೆ ತಳ್ಳಿ ಹೇಳಿದಳು.

ಎರಡು ವರ್ಷದ ಹಿಂದೆ ಅವಳಿಗೆ ಕೆಟ್ಟ ಜ್ವರ ಬಂದಿತ್ತು. ಜ್ವರ ಬಿಟ್ಟ ಮೇಲೆ ಮೂಗಿಗೆ ವಾಸನೆ ಇಲ್ಲ, ನಾಲಿಗೆಗೆ ರುಚಿ ಇಲ್ಲ. ತಾನಾಗಿಯೇ ಬರುತ್ತದೆ ಎಂದಿದ್ದರು ಡಾಕ್ಟರು. ವಾಸನೆ ಅಷ್ಟಿಷ್ಟು ಬಂತು. ರುಚಿ ಬರಲಿಲ್ಲ.

"ಬಾಯಲ್ಲಿ ಮಣ್ಣಿಟ್ರೂ ಒಂದೇ, ಬೆಲ್ಲ ಇಟ್ರೂ ಒಂದೇ. ಸಾಂಬಾರು, ಉಪ್ಪಿಟ್ಟು, ಚಿತ್ರಾನ್ನ ಇವೆಲ್ಲ ಕೈಗೆ ಗೊತ್ತವೆ, ಮೇಡಂ. ಇಪ್ಪತ್ತು ವರ್ಸ ಮಾಡಿದೀನಲ್ಲ, ಕೈ ತಾನೇ ಆಕ್ತದೆ. ಈ ಉಡುಗ್ರು ಶನಿವಾರ ಶನಿವಾರ ಒಸಾದು ಕೇಳ್ತವೆ. ಪಲಾವ್ ಅಂತವೆ, ಗೋಬಿ ಅಂತವೆ. ಅದು ಕೈಗೆ ಗೊತ್ತಿಲ್ಲ. ನಾಲ್ಗೆ ಇಲ್ಲ. ಅದಕ್ಕೆ ಕೇಳ್ತಿದ್ದೆ."

"ಜೊತೆಗಿರೋವಳ ಹತ್ರ ರುಚಿ ನೋಡಿಸ್ಬಹುದಿತ್ತಲ್ಲ."

"ಒಂದಿನ ನೋಡಿಸ್ಬೋದು. ದಿನಾ ನೋಡಿಸಿದ್ರೆ ಕೇಳ್ತಾಳೆ. ಅವ್ಳು ಓನರ್ ಮುನಿಯಣ್ಣನ ಕಡೆಯೋಳು." ಲಕ್ಕಮ್ಮ ದನಿ ತಗ್ಗಿಸಿದಳು. "ಮುನಿಯಣ್ಣಂಗೆ ಗೊತ್ತಾದ್ರೆ ನಾಳೆಯಿಂದ ಬರಬ್ಯಾಡ ಅಂತಾನೆ. ರುಚಿ ಗೊತ್ತಿಲ್ದಿರೋ ಅಡುಗೆಯೋಳ್ನ ಯಾರ್ ಇಟ್ಕತಾರೆ? ನೀವು ಯಾರ್ಗೂ ಏಳ್ಬಾರ್ದು."

ಹೇಳುವುದಿಲ್ಲ ಎಂದು ಕೌಸಲ್ಯಾ ಮಾತು ಕೊಟ್ಟರು. ಮನೆಗೆ ಬಂದು ಮೊದಲು ಮಾಡಿದ ಕೆಲಸ ಆ ಹೆಸರನ್ನು ಗುಂಪಿಗೆ ಮತ್ತೆ ಸೇರಿಸಿದ್ದು. ಎರಡನೆಯದು ಒಂದು ಹೊಸ ನಿಯಮ. ಇನ್ನು ಮುಂದೆ ಯಾರೂ 'ರುಚಿಗೆ ತಕ್ಕಷ್ಟು' ಎಂದು ಬರೆಯುವಂತಿಲ್ಲ. ಒಂದು ಲೋಟ ಅಕ್ಕಿಗೆ, ಒಂದು ಲೋಟ ಬೇಳೆಗೆ ಎಷ್ಟು ಚಮಚ ಉಪ್ಪು ಎಂಬುದನ್ನು ಅಳೆದು ಬರೆಯಬೇಕು.

ಜನ ಬೆರಗಾದರು. ನಾಲ್ಕು ದಿನದ ಹಿಂದೆ ತಾವೇ ತೆಗೆದವನನ್ನು ಮಿಸ್ ತಾವೇ ಸೇರಿಸಿದ್ದಾರೆ, ಮೇಲಿಂದ ಅವನಿಗಾಗಿಯೇ ನಿಯಮ ಮಾಡಿದ್ದಾರೆ. ಕಾರಣವೇನೆಂದು ಕೇಳಿದರೆ, 'ಕಾರಣವಿದೆ, ನನ್ನನ್ನು ನಂಬಿ' ಎಂದಷ್ಟೇ ಉತ್ತರ. ಸಂಬಂಧಿಕನಿರಬೇಕು ಎಂದರು ಕೆಲವರು. ಇದು ಅಡುಗೆಮನೆಯೋ ಪ್ರಯೋಗಶಾಲೆಯೋ ಎಂದು ಒಬ್ಬರು ಗುಂಪು ಬಿಟ್ಟರು. ಅವರ ಹಿಂದೆ ಇನ್ನಷ್ಟು ಜನ ಹೋದರು.

ತಮ್ಮ ನಿಯಮ ತಾವೇ ಪಾಲಿಸಲು ಕೂತಾಗ ಕೌಸಲ್ಯಾಗೆ ಇನ್ನೊಂದು ಪೇಚು. ಹಾಗಲಕಾಯಿ ಗೊಜ್ಜಿಗೆ ಎಷ್ಟು ಉಪ್ಪು ಹಾಕುತ್ತಾರೆಂದು ಅವರಿಗೇ ಗೊತ್ತಿರಲಿಲ್ಲ. ಚಿಟಿಕೆ ಹಾಕಿ, ನಾಲಿಗೆಗೆ ತಾಗಿಸಿ, ಮತ್ತೆ ಚಿಟಿಕೆ ಹಾಕಿ ನಲವತ್ತು ವರ್ಷ ಅಡುಗೆ ಮಾಡಿದ್ದರು. ಶೇಷಗಿರಿ ಪಕ್ಕದಲ್ಲಿ ನಿಂತು ಪ್ರತಿ ಚಿಟಿಕೆಯನ್ನೂ ಚಮಚಕ್ಕೆ ಹಾಕಿಸಿ ನೋಡಿದರು. ಒಂದು ದಿನ ಒಂದೂವರೆ ಚಮಚವಾಯಿತು, ಇನ್ನೊಂದು ದಿನ ಎರಡು.

"ಎರಡು ದಿನವೂ ಸರಿಯಾಗೇ ಇತ್ತಲ್ಲ" ಎಂದರು ಶೇಷಗಿರಿ.

"ಅದೇ ಕಷ್ಟ ನೋಡಿ" ಎಂದರು ಕೌಸಲ್ಯಾ.

ವಂದನಾ ಮೊದಲ ದಿನವೇ ಗುಂಪು ಬಿಟ್ಟಿದ್ದಳು. ಕೌಸಲ್ಯಾ ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಳು.

"ಹೇಳಿ ಮಿಸ್."

"ನಿನಗೆ ಬೇಜಾರಾಗಿದೆ ಅಂತ ಗೊತ್ತು ವಂದನಾ. ಅದು ಗೇಲಿ ಅಲ್ಲಮ್ಮ. ನಾವು ಅಂದ್ಕೊಂಡ ಮನುಷ್ಯ ಅಲ್ಲ ಅದು."

"ಮತ್ತೆ ಯಾರು?"

"ಅದನ್ನ ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ."

"ಮನೆಯಲ್ಲೂ ಹೀಗೇ ಮಿಸ್. ಏನಾದ್ರೂ ಆದ್ರೆ, ಅವರ ಮನಸ್ಸಿನಲ್ಲಿ ಹಾಗಿರಲಿಲ್ಲ, ನೀನೇ ತಪ್ಪು ತಿಳ್ಕೊಂಡೆ ಅಂತಾರೆ. ಈಗ ನೀವೂ ಅದನ್ನೇ ಹೇಳ್ತಿದೀರ. ನಂಗೆ ಕೆಲಸ ಇದೆ, ಇಡ್ತೀನಿ."

ಕೌಸಲ್ಯಾ ಫೋನನ್ನು ಟೇಬಲ್ಲಿನ ಮೇಲಿಟ್ಟರು. ಲಕ್ಕಮ್ಮನ ಗುಟ್ಟು ಹೇಳಿಬಿಟ್ಟರೆ ಒಂದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು. ವಂದನಾ ಬೇರೆ ಯಾರಿಗೂ ಹೇಳುವವಳೂ ಅಲ್ಲ. ಆದರೂ ಅವರು ಹೇಳಲಿಲ್ಲ. ಗುಂಪಿನಲ್ಲಿ ಬರುವ ಚುಚ್ಚುಮಾತುಗಳನ್ನು ಓದಿಕೊಂಡು, ಉತ್ತರ ಕೊಡದೆ, ದಿನಕ್ಕೊಂದು ಅಡುಗೆ ಅಳೆದು ಹಾಕುತ್ತಾ ಹೋದರು.

ಒಂದು ವಾರದಲ್ಲಿ ಮೂವತ್ತನಾಲ್ಕು ಜನ ಬಿಟ್ಟರು. ಯಾರು ಬಿಟ್ಟರೂ ಫೋನಿನಲ್ಲಿ ಒಂದು ಸಣ್ಣ ಸಾಲು ಮೂಡುತ್ತದೆ. ಇಂಗ್ಲಿಷಿನಲ್ಲಿದ್ದ ಆ ಸಾಲುಗಳನ್ನು ಲಕ್ಕಮ್ಮ ತನ್ನಣ್ಣನ ಮಗನಿಗೆ ತೋರಿಸಿ ಓದಿಸಿದಳು. ಜೊತೆಗೆ ಬಂದಿದ್ದ ಮಾತುಗಳನ್ನೂ ತಾನೇ ಕೂಡಿಸಿಕೊಂಡು ಓದಿದಳು. ಏಳನೇ ಕ್ಲಾಸಿನವರೆಗೆ ಕಲಿತವಳು, ಓದು ನಿಧಾನ. ಬರೆಯುವುದು ಇನ್ನೂ ನಿಧಾನ.

ಆ ಶುಕ್ರವಾರ ಊಟದ ಪಾತ್ರೆಗಳೆಲ್ಲ ತೊಳೆದ ಮೇಲೆ ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಸಂಜೆಯ ಕಾಫಿಯ ಹೊತ್ತಿಗೆ ಮುಗಿಯಿತು.

'ಎಲ್ಲರಿಗೂ ನಮಸ್ಕಾರ ನಾನು ಸಿದ್ದು ಅಲ್ಲ ಲಕ್ಕಮ್ಮ ಸಿದ್ದು ನಮ್ಮ ಅಣ್ಣನ ಮಗ ನಾನು ಸೋಲದೇವನಹಳ್ಳಿ ಪಿಜಿಲಿ ಅಡುಗೆ ಮಾಡೋಳು ಎರಡು ವರ್ಷದ ಕೆಳಗೆ ಜ್ವರ ಬಂದು ನಾಲಿಗೆ ರುಚಿ ಹೋಯಿತು ಉಪ್ಪು ಗೊತ್ತಾಗಲ್ಲ ಅದಕ್ಕೆ ಕೇಳಿದೆ ಯಾರನ್ನೂ ಆಡಿಕೊಳ್ಳಲಿಲ್ಲ ಮೇಡಮ್ಮನಿಗೆ ನಾನೇ ಹೇಳಬೇಡಿ ಅಂದಿದ್ದೆ ಅವರ ತಪ್ಪು ಇಲ್ಲ ನನ್ನಿಂದ ಯಾರೂ ಹೋಗಬೇಡಿ'

ಕೌಸಲ್ಯಾ ಅದನ್ನು ಓದುವಾಗ ತರಕಾರಿ ಅಂಗಡಿಯಲ್ಲಿ ನಿಂತಿದ್ದರು. ಬೀನ್ಸ್ ಆರಿಸುವುದನ್ನು ಬಿಟ್ಟು ಫುಟ್‌ಪಾತಿನ ಅಂಚಿಗೆ ಬಂದು ಎರಡನೆಯ ಸಲ ಓದಿದರು. ಗುಂಪಿನಲ್ಲಿ, ಮದುವೆ ಮನೆಯ ಫೋಟೊ ಎಂದು ಬರೆದಿದ್ದವರು ಮೊದಲು ಕ್ಷಮೆ ಕೇಳಿದರು. ಅದರ ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಒಬ್ಬಾಕೆ ಏನೂ ಹೇಳದೆ ತಮ್ಮ ಜೀರಾ ರೈಸನ್ನು ಎಪ್ಪತ್ತು ಜನರ ಅಳತೆಗೆ ಲೆಕ್ಕ ಹಾಕಿ ಬರೆದು ಕಳಿಸಿದರು.

ವಂದನಾ ಗುಂಪಿನಲ್ಲಿರಲಿಲ್ಲ. ಯಾರೋ ಅದನ್ನು ಅವಳಿಗೆ ಕಳಿಸಿದ್ದರು. ರಾತ್ರಿ ಊಟದ ಮುಂಚೆ ಅವಳ ಫೋನ್ ಬಂತು.

"ಮಿಸ್, ಅವರ ನಂಬರಿಗೆ ಈಗ ಫೋನ್ ಮಾಡಿದ್ರೆ ತಪ್ಪಾಗುತ್ತಾ?"

"ಇಲ್ಲ ಮಾಡು."

"ನಾನು ಅವರನ್ನ ಏನೇನೋ ಅಂದಿದೀನಿ."

"ನಾನು ನಿನಗಿಂತ ಜಾಸ್ತಿ ಅಂದಿದೀನಿ. ನೀನು ಮೊದಲು ಮಾಡು."

ಗುಂಪಿನಲ್ಲಿ ಅಟ್ಟೂರಿನ ಮಧುಶ್ರೀ ಎಂಬವಳಿದ್ದಳು. ಪಿಜಿಯ ಮುನಿಯಣ್ಣ ಅವಳಿಗೆ ಚಿಕ್ಕಪ್ಪನಾಗಬೇಕು. ಇದು ಕೌಸಲ್ಯಾಗೂ ಗೊತ್ತಿರಲಿಲ್ಲ, ಲಕ್ಕಮ್ಮನಿಗೂ ಗೊತ್ತಿರಲಿಲ್ಲ. ಸುದ್ದಿ ಆ ರಾತ್ರಿಯೇ ಅವನಿಗೆ ಮುಟ್ಟಿತ್ತು. ಮರುದಿನ ಬೆಳಗ್ಗೆ ಮುನಿಯಣ್ಣ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಾಗ ಲಕ್ಕಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಸೆರಗು ಬಿಚ್ಚಿ ಸರಿಮಾಡಿಕೊಂಡಳು. ಮನೆಗೆ ಹೋಗಲು ಸಿದ್ಧವಾಗಿಯೇ ನಿಂತಳು.

"ಎಷ್ಟು ದಿನದಿಂದ ಇಂಗೆ?" ಎಂದ ಮುನಿಯಣ್ಣ.

"ಎರಡು ವರ್ಸ."

"ಎರಡು ವರ್ಸದಿಂದ ನಾನೂ ಇಲ್ಲೇ ತಿಂತಾ ಇವ್ನಿ. ಉಡುಗ್ರೂ ತಿಂತಾ ಅವೆ. ಯಾರೂ ಏನೂ ಅಂದಿಲ್ಲ." ಅವನು ಗೋಡೆಗೆ ಒರಗಿ ಯೋಚಿಸಿದ. ಬಿಡಿಸಿಬಿಡುವುದೋ ಇಟ್ಟುಕೊಳ್ಳುವುದೋ ಎಂದು ಅವನಿಗೂ ತೀರ್ಮಾನವಾಗಿರಲಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೊನೆಗೆ, "ಒಂದು ಕೆಲ್ಸ ಮಾಡು. ಎಲ್ಲಾ ಆದ್ಮೇಲೆ ನನ್ನ ಕರಿ. ನಾನು ಬಂದು ರುಚಿ ನೋಡ್ತೀನಿ. ಅದಕ್ಕೂ ಮುಂಚೆ ಉಡುಗ್ರಿಗೆ ಬಡಿಸ್ಬೇಡ" ಎಂದು ಹೇಳಿ ಹೋದ.

ಎರಡು ವಾರದ ನಂತರ ಒಂದು ಶನಿವಾರ ಕೌಸಲ್ಯಾ ಮತ್ತು ವಂದನಾ ಸೋಲದೇವನಹಳ್ಳಿಗೆ ಹೋದರು. ಅವತ್ತು ಹುಡುಗರಿಗೆ ಟೊಮೆಟೊ ಬಾತ್. ಲಕ್ಕಮ್ಮನೇ ಕರೆದಿದ್ದಳು, ಮಾಡಿ ತೋರಿಸಿ ಎಂದು. ವಂದನಾ ಇಷ್ಟು ದೊಡ್ಡ ಪಾತ್ರೆಯ ಮುಂದೆ ಎಂದೂ ನಿಂತಿರಲಿಲ್ಲ. ಸೌಟು ಎರಡು ಕೈಯಲ್ಲಿ ಹಿಡಿದುಕೊಂಡು ಒಲೆಯ ಬಿಸಿಗೆ ಮುಖ ಕೆಂಪಗಾಗಿದ್ದಳು. ಲಕ್ಕಮ್ಮ ಅವಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಟ್ಟಳು.

"ನಿಮ್ಮತ್ತೆ ಏನಂತಾರಮ್ಮ ಈಗ?" ಎಂದು ಕೇಳಿದಳು. ಫೋನಿನಲ್ಲಿ ಅವರಿಬ್ಬರ ನಡುವೆ ಆ ಮಾತುಗಳೆಲ್ಲ ಆಗಿಹೋಗಿದ್ದವು.

"ಏನೂ ಅನ್ನಲ್ಲ. ಡಬ್ಬಿ ತರಿಸ್ಕೋತಾರೆ, ಹಾಕ್ಕೋತಾರೆ. ಮೊನ್ನೆ ನಾನೇ ಕೇಳ್ದೆ, ಕಮ್ಮಿ ಆಗಿದ್ಯಾ ಅಂತ. ಅಭ್ಯಾಸ ಕಣೆ, ಯಾರು ಮಾಡಿದ್ರೂ ಹಾಕ್ಕೋತೀನಿ ಅಂದ್ರು."

"ನಿಜ ಇರ್ಬೋದು."

"ಇರ್ಬೋದು" ಎಂದಳು ವಂದನಾ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಅಕ್ಕಿ ಹಾಕಿ ಮುಚ್ಚಿದ ಮೇಲೆ ವಂದನಾ ಕೈ ತೊಳೆಯಲು ಹೊರಗೆ ಹೋದಳು. ಕೌಸಲ್ಯಾ ಇದೇ ಸಮಯವೆಂದು ಸ್ಟೂಲಿನಿಂದ ಎದ್ದು ನಿಂತರು. ಶಾಲೆಯಲ್ಲಿ ಹೆಡ್‌ಮಾಸ್ಟರ ಮುಂದೆಯೂ ಅವರಿಗೆ ಮಾತು ತಡವರಿಸಿರಲಿಲ್ಲ.

"ಲಕ್ಕಮ್ಮ, ಒಂದು ವಿಷಯ ಹೇಳ್ಬೇಕು. ಅವತ್ತು ನಿಮ್ಮ ಫೋನ್ ಕೆಟ್ಟಿರಲಿಲ್ಲ. ಗುಂಪಿನಿಂದ ನಿಮ್ಮನ್ನ ನಾನೇ ತೆಗೆದಿದ್ದೆ. ನೀವು ಹಾಕಿದ ಫೋಟೊನೂ ಅಣಕ ಅಂತ ತಿಳ್ಕೊಂಡೆ. ನಿಮಗೆ ಗೊತ್ತಾಗಿಲ್ಲ ಅಂತ ಇಷ್ಟು ದಿನ ಸುಮ್ಮನಿದ್ದೆ. ತಪ್ಪಾಯ್ತು."

ಲಕ್ಕಮ್ಮ ಒಲೆಯ ಉರಿ ತಗ್ಗಿಸಿ ಸೌದೆ ಹಿಂದಕ್ಕೆ ಎಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

"ಗೊತ್ತಿತ್ತು ಮೇಡಂ. ಅವತ್ತೇ ಓದಿಸ್ದೆ. ನಿಮ್ಮನ್ನ ತೆಗೆದವ್ರೆ ಅತ್ತೆ ಅಂದ ಸಿದ್ದು."

"ಮತ್ತೆ ಫೋನ್ ಕೆಟ್ಟಿದೆ ಅಂದ್ರಿ?"

"ನೀವು ಯಾಕ್ ತೆಗೆದ್ರಿ ಅಂತ ನಾನು ಎಂಗ್ ಕೇಳಲಿ? ದೊಡ್ಡೋರು. ಕೇಳಿದ್ರೆ ನಿಮಗೂ ಒಂಥರಾ, ನಂಗೂ ಒಂಥರಾ. ಫೋನ್ ಕೆಟ್ಟಿದೆ ಅಂದ್ರೆ ಇಬ್ರಿಗೂ ಸಲೀಸು."

ಕೌಸಲ್ಯಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒಲೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಲಕ್ಕಮ್ಮ ಎದ್ದು ಬಂದು ಸ್ಟೂಲನ್ನು ಅವರ ಕಡೆಗೆ ಮತ್ತೆ ಸರಿಸಿದಳು.

"ಕೂತ್ಕಳಿ. ಇನ್ನೂ ಅರಳ್ಬೇಕು ಅಕ್ಕಿ."

ಅಷ್ಟರಲ್ಲಿ ಮುನಿಯಣ್ಣ ಕೈಯಲ್ಲಿ ತನ್ನದೇ ಒಂದು ಸ್ಟೀಲ್ ತಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದ. ಇನ್ನೂ ಬೆಂದಿಲ್ಲ ಎಂದು ಲಕ್ಕಮ್ಮ ಹೇಳಿದರೂ ಹೋಗಲಿಲ್ಲ. ಇವನದೇ ಈಗ ದೊಡ್ಡ ತಲೆನೋವು, ದಿನಾ ಬಂದು ಅದಕ್ಕಿಷ್ಟು ಹಾಕು ಇದಕ್ಕಿಷ್ಟು ಹಾಕು ಅಂತಾನೆ ಎಂದು ಅವಳು ಕೌಸಲ್ಯಾ ಕಿವಿಯಲ್ಲಿ ಪಿಸುಗುಟ್ಟಿದಳು. ವಂದನಾ ಒದ್ದೆ ಕೈಯಲ್ಲೇ ಒಳಗೆ ಬಂದು ಮುಚ್ಚಳ ಎತ್ತಿ ನೋಡಿ, ಐದು ನಿಮಿಷ ಎಂದಳು. ಮುನಿಯಣ್ಣ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕಾಯುತ್ತಾ ಕೂತ.